ಚೀನಾದ ವಿದೇಶಾಂಗ ನೀತಿಯ ಪಾಠಕ್ಕೆ ಒಂದು ಗೋಡೆ ನಕಾಶೆ

ಕಾರವಾರದ ಪುಸ್ತಕದಂಗಡಿಯೊಂದರಲ್ಲಿ 450 ರೂಪಾಯಿಗೆ ದೊರೆತ, ಆಫ್ರಿಕಾದ ಜಿಬೂಟಿಯಿಂದ ತೈವಾನಿನವರೆಗಿನ ನೆಲ ಹಾಗೂ ಕಡಲನ್ನು ಒಂದೇ ಹಾಳೆಯಲ್ಲಿ ತೋರಿಸುವ ಕನ್ನಡದ ಗೋಡೆ ನಕಾಶೆಯನ್ನು ಪದವಿಪೂರ್ವ ವಿದ್ಯಾರ್ಥಿಗಳ ರಾಜ್ಯಶಾಸ್ತ್ರದ ತರಗತಿಯಲ್ಲಿ ಬಳಸುತ್ತಿದ್ದೇನೆ. ಕೊಳ್ಳಬೇಕೆಂದಿರುವ ಶಿಕ್ಷಕರಿಗೆ ಉಪಯೋಗವಾದೀತೆಂದು ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಇದರ ಹೆಚ್ಚುಗಾರಿಕೆ ಇರುವುದು ಕಡಲಿನ ಭಾಗದಲ್ಲಿ. ಏಷ್ಯಾದ ಸಾಮಾನ್ಯ ನಕಾಶೆಗಳಲ್ಲಿ ಹಿಂದೂ ಮಹಾಸಾಗರ ಅಂಚಿನಲ್ಲೇ ತುಂಡಾಗಿರುತ್ತದೆ. ಇಲ್ಲಿ ಅದೇ ನಡುವೆ ಇದೆ. 2017ರಲ್ಲಿ ಶ್ರೀಲಂಕಾ ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟ ಹಂಬನ್‌ತೋಟ ಬಂದರು, ಚೀನಾದ ಕಂಪನಿ ನಡೆಸುತ್ತಿರುವ ಪಾಕಿಸ್ತಾನದ ಗ್ವಾದರ್ ಬಂದರು, ಚೀನಾ ಹೊರದೇಶದಲ್ಲಿ ತನ್ನ ಮೊದಲ ಸೇನಾ ನೆಲೆ ತೆರೆದ ಜಿಬೂಟಿ, ಇವೆಲ್ಲಕ್ಕೂ ಪಕ್ಕದಲ್ಲೇ ಎರಡು ಸಾಲಿನ ವಿವರಣೆ ಇದೆ. ಮಲೇಷ್ಯಾ ಮತ್ತು ಸುಮಾತ್ರಾ ನಡುವಿನ ಮಲಾಕ್ಕಾ ಜಲಸಂಧಿಯ ಇಕ್ಕಟ್ಟು ಕಣ್ಣಿಗೆ ಹೊಡೆಯುವಂತೆ ಮೂಡಿದೆ. ಚೀನಾ ಆಮದು ಮಾಡಿಕೊಳ್ಳುವ ಕಚ್ಚಾ ತೈಲದ ಬಹುಪಾಲು ಈ ದಾರಿಯಲ್ಲೇ ಸಾಗುತ್ತದೆ ಎಂಬುದನ್ನೂ, ಅದನ್ನು ಯಾರಾದರೂ ತಡೆದಾರೆಂಬ ಆತಂಕದಿಂದಲೂ ಮ್ಯಾನ್ಮಾರಿನ ಚೌಕ್‌ಪ್ಯೂವಿನಿಂದ ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ ಕೊಳವೆ ಮಾರ್ಗ ಹಾಕಲಾಯಿತೆಂಬುದನ್ನೂ ಮಾತಿನಲ್ಲಿ ಎಷ್ಟು ಹೇಳಿದರೂ ನಾಟದ ಮಕ್ಕಳಿಗೆ, ಇಲ್ಲಿ ಬೆರಳಿಟ್ಟು ತೋರಿಸಿದರೆ ಸಾಕಾಗುತ್ತದೆ. ಕಾರವಾರದ ಬಳಿಯ ಅರಗಾದಲ್ಲಿರುವ ಕದಂಬ ನೌಕಾನೆಲೆಯನ್ನೂ ಗುರುತಿಸಿರುವುದರಿಂದ, ಹಿಂದೂ ಮಹಾಸಾಗರದ ಪೈಪೋಟಿ ತಮ್ಮ ಊರಿನ ಕಡಲಿಗೂ ಸಂಬಂಧಿಸಿದ್ದೆಂದು ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಹಕ್ಕು ಸಾಧಿಸುವ ಒಂಬತ್ತು ತುಂಡು ಗೆರೆಗಳನ್ನು ತೋರಿಸಿ, ಫಿಲಿಪ್ಪೀನ್ಸ್ ಹೂಡಿದ ಪ್ರಕರಣದಲ್ಲಿ 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ ಆ ಹಕ್ಕಿಗೆ ಕಾನೂನಿನ ಆಧಾರವಿಲ್ಲವೆಂದು ತೀರ್ಪಿತ್ತದ್ದನ್ನೂ, ಚೀನಾ ಅದನ್ನು ಒಪ್ಪದಿರುವುದನ್ನೂ ನಮೂದಿಸಿದ್ದಾರೆ. ಆದರೆ 2023ರಲ್ಲಿ ಚೀನಾ ಪ್ರಕಟಿಸಿದ ನಕಾಶೆಯಲ್ಲಿ ತೈವಾನಿನ ಪೂರ್ವಕ್ಕೆ ಇರುವ ಹತ್ತನೆಯ ಗೆರೆಯ ಪ್ರಸ್ತಾಪವಿಲ್ಲ.

ಹಿಮಾಲಯದ ಭಾಗ ಮಾತ್ರ ನಿರಾಸೆ ತರುತ್ತದೆ. ಭಾರತದ ಗಡಿಯನ್ನು ಸರ್ಕಾರದ ಅಧಿಕೃತ ನಕಾಶೆಯಂತೆಯೇ ತೋರಿಸಿರುವುದು ಸರಿ, ಅದು ಕಡ್ಡಾಯವೂ ಹೌದು. ಆದರೆ ಲಡಾಖಿನಲ್ಲಿ ಚೀನಾ ಹಿಡಿದಿಟ್ಟುಕೊಂಡಿರುವ ಅಕ್ಸಾಯ್ ಚಿನ್ ಎಂಬ ಹೆಸರೇ ಇಲ್ಲ. 1963ರಲ್ಲಿ ಪಾಕಿಸ್ತಾನ ಚೀನಾಕ್ಕೆ ಬಿಟ್ಟುಕೊಟ್ಟ ಶಕ್ಸ್‌ಗಾಮ್ ಕಣಿವೆಯಾಗಲಿ, 1914ರ ಶಿಮ್ಲಾ ಸಮಾವೇಶದಲ್ಲಿ ಭಾರತ ಮತ್ತು ಟಿಬೆಟ್ ನಡುವಿನ ಗಡಿಯಾಗಿ ಎಳೆದ ಮ್ಯಾಕ್‌ಮಹೋನ್ ರೇಖೆಯಾಗಲಿ ಕಾಣಿಸುವುದಿಲ್ಲ. 2020ರ ಜೂನ್‌ನಲ್ಲಿ ನಮ್ಮ 20 ಯೋಧರು ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ಪ್ರಾಣ ತೆತ್ತ, ಲಡಾಖಿನ ಗಲ್ವಾನ್ ಎಲ್ಲಿದೆ ಎಂದು ವಿದ್ಯಾರ್ಥಿ ಕೇಳಿದರೆ ತೋರಿಸಲು ಈ ಹಾಳೆಯಲ್ಲಿ ಏನೂ ಇಲ್ಲ. ಮೂಲೆಯ ಜಾಹೀರಾತನ್ನು ತೆಗೆದು ಅಲ್ಲಿ ಲಡಾಖಿನ ದೊಡ್ಡ ಪ್ರಮಾಣದ ಉಪನಕಾಶೆಯೊಂದನ್ನು ಹಾಕಬಹುದಿತ್ತು. ಟಿಬೆಟ್ಟಿನ ರಾಜಧಾನಿ ಲಾಸಾ ನಗರವನ್ನು ಬರೀ ಚುಕ್ಕೆಯಾಗಿ ತೋರಿಸಿ ಬಿಟ್ಟಿರುವುದೂ ಸರಿಯಲ್ಲ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ, 1966ರಿಂದ ನಮ್ಮ ಜಿಲ್ಲೆಯ ಮುಂಡಗೋಡದಲ್ಲೇ ಟಿಬೆಟನ್ನರು ನೆಲೆಸಿದ್ದಾರೆ, ಟಿಬೆಟ್ಟಿನ ಗಾಂದೆನ್ ಮತ್ತು ದ್ರೆಪುಂಗ್ ಬೌದ್ಧ ಮಠಗಳು ಅಲ್ಲಿ ಮತ್ತೆ ಕಟ್ಟಲ್ಪಟ್ಟಿವೆ. ಶಿರಸಿ ಕಡೆಯ ಮಕ್ಕಳು ಆ ಭಿಕ್ಷುಗಳನ್ನು ನೋಡಿಯೇ ಬೆಳೆದವರು. ಅವರೇಕೆ ಇಲ್ಲಿಗೆ ಬಂದರೆಂಬುದಕ್ಕೆ ಒಂದು ಸಾಲಾದರೂ ಇರಬೇಕಿತ್ತು.

ಮುದ್ರಣ ಸ್ಪಷ್ಟವಾಗಿದೆ, ಹಿಂದಿನ ಬೆಂಚಿನಿಂದಲೂ ದೇಶಗಳ ಹೆಸರನ್ನು ಓದಬಹುದು.

ಈ ಕೊರತೆಗಳಿದ್ದರೂ, ಸಾಗರದ ಭಾಗಕ್ಕಾಗಿಯೇ ಇದನ್ನು ಕೊಳ್ಳಬಹುದೆಂದು ನನ್ನ ಅಭಿಪ್ರಾಯ; ಲಡಾಖಿಗೆ ಬೇರೆ ಹಾಳೆ ಜೋಡಿಸಿಕೊಳ್ಳಬೇಕಾಗುತ್ತದೆ. ಬರೀ ಕಾಗದದ ಪ್ರತಿ ಅಗ್ಗವಾದರೂ ಕರಾವಳಿಯ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಲ್ಯಾಮಿನೇಟ್ ಮಾಡಿದ್ದನ್ನೇ ಕೇಳಿ ತೆಗೆದುಕೊಳ್ಳಿ.