ಮಗಳ ಜರ್ಮನ್ ಪ್ರಾಜೆಕ್ಟ್ ಕ್ಲಾಸು, ಎರಡು ಟರ್ಮ್ ಆದ್ಮೇಲೆ ಬರೀತಿದೀನಿ (5ಕ್ಕೆ 4)

ಸೇರಿಸೋ ಮುಂಚೆ ನಾನೂ ಇಲ್ಲಿ ರಿವ್ಯೂ ಹುಡುಕಿದ್ದೆ, "ಗುಡ್ ಕ್ಲಾಸ್, ಟೀಚರ್ ಚೆನ್ನಾಗಿದಾರೆ" ಅನ್ನೋದು ಬಿಟ್ರೆ ಏನೂ ಸಿಗ್ಲಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ನನ್ನ ನಾದಿನಿ ಸ್ಟುಟ್‌ಗಾರ್ಟ್‌ನಲ್ಲಿ ಇದಾರೆ, ಅವರ ಮಗ ಹುಟ್ಟಿ ಬೆಳೆದಿದ್ದೆಲ್ಲ ಅಲ್ಲೇ, ಕನ್ನಡ ಅರ್ಥ ಆಗುತ್ತೆ ಆದ್ರೆ ಬಾಯಿ ತೆಗೆದ್ರೆ ಬರೋದು ಜರ್ಮನ್. ನಮ್ಮತ್ತೆ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನ ಮುಖ ನೋಡ್ತಾ ಕೂತಿರೋರು, "ಊಟ ಆಯ್ತಾ ಕಂದ" ಅಂದ್ರೆ ಅವನು ತಲೆ ಆಡಿಸೋನು, ಅಲ್ಲಿಗೆ ಮಾತು ಮುಗೀತು. ಅದನ್ನ ನೋಡಿ ನೋಡಿ ಮಗಳೇ ಕೇಳಿದ್ದು, ಅಮ್ಮಾ ನಾನು ಜರ್ಮನ್ ಕಲೀಲಾ ಅಂತ.

ಮೊದಲು ಒಂದು ಆನ್‌ಲೈನ್ ಆ್ಯಪ್ ಹಾಕ್ಕೊಟ್ಟಿದ್ದೆ. ಮೂರು ತಿಂಗಳಲ್ಲಿ ಪದ ಏನೋ ಸುಮಾರು ಬಂತು, ಆದ್ರೆ ಫೋನ್‌ನಲ್ಲಿ ಆ ಹುಡುಗ ಎದುರಿಗೆ ಬಂದ ತಕ್ಷಣ ಇವಳ ಬಾಯಿ ಕಟ್ಟಿಬಿಡೋದು. ಆಮೇಲೆ ಈ ಕ್ಲಾಸ್ ಸಿಕ್ತು. ಶನಿವಾರ ಬೆಳಗ್ಗೆ ಎರಡು ಗಂಟೆ, 10 ವಾರಕ್ಕೆ ಒಂದು ಟರ್ಮ್, ಟೆಕ್ಸ್ಟ್‌ಬುಕ್ ಇದೆ ಆದ್ರೆ ಅದು ಪಕ್ಕಕ್ಕೆ, ಮುಖ್ಯ ಏನಂದ್ರೆ ಎರಡು ಮೂರು ವಾರಕ್ಕೊಂದು ಪ್ರಾಜೆಕ್ಟ್. ಮಕ್ಕಳು ಏನಾದ್ರೂ ಒಂದನ್ನ ಕೈಯಲ್ಲಿ ಮಾಡ್ಬೇಕು, ಮಾಡ್ತಾ ಮಾಡ್ತಾ ಜರ್ಮನ್‌ನಲ್ಲೇ ಮಾತಾಡ್ಬೇಕು, ಕೊನೇ ದಿನ ಅಪ್ಪ ಅಮ್ಮಂದಿರನ್ನ ಕರೆದು ತೋರಿಸ್ತಾರೆ.

ನಾನು ಹೇಳೋದಕ್ಕಿಂತ ಬಾಟಲಿ ಮಷೀನ್ ಪ್ರಾಜೆಕ್ಟ್ ವಿಷಯ ಹೇಳ್ತೀನಿ, ಆಗ ಗೊತ್ತಾಗುತ್ತೆ. ಜರ್ಮನಿಯಲ್ಲಿ ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ತಗೊಂಡ್ರೆ 25 ಸೆಂಟ್ ಡಿಪಾಸಿಟ್ ಸೇರಿಸಿ ತಗೋತಾರೆ, ಖಾಲಿ ಬಾಟಲಿ ವಾಪಸ್ ತಂದು ಸೂಪರ್‌ಮಾರ್ಕೆಟ್‌ನ ಮಷೀನಿಗೆ ಹಾಕಿದ್ರೆ ಚೀಟಿ ಬರುತ್ತೆ, ಅದನ್ನ ಕೌಂಟರ್‌ನಲ್ಲಿ ಕೊಟ್ರೆ ದುಡ್ಡು ವಾಪಸ್. ಪ್ಫಾಂಡ್ ಅಂತಾರೆ ಇದಕ್ಕೆ, ಒಂದೇ ಸಲ ಬಳಸಿ ಬಿಸಾಕೋ ಬಾಟಲಿಗಳಿಗೆ 2003ರಿಂದ ಇದು ಕಡ್ಡಾಯ. ಮಕ್ಕಳು ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬ ತಂದು ದುಂಡಗೆ ತೂತು ಕೊರೆದು, ಒಳಗೆ ಒಬ್ಬರನ್ನ ಕೂರಿಸಿ ಮಷೀನ್ ಮಾಡಿದ್ರು. ನಾವು ನೋಡಕ್ಕೆ ಹೋದ ದಿನ ಒಳಗಿದ್ದಿದ್ದು ನನ್ನ ಮಗಳು. ಒಬ್ಬ ಪುಟ್ಟ ಹುಡುಗ ಮೂರು ಬಾಟಲಿ ಹಾಕಿ ಎಷ್ಟಾಯ್ತು ಅಂತ ಜೋರಾಗಿ ಹೇಳ್ದ, ಇವಳು ಒಳಗಿಂದ ಚೀಟಿ ತೂರಿಸಿದ್ಲು, ಅದರಲ್ಲಿ 57 ಸೆಂಟ್ ಅಂತ ಇತ್ತು. ಹುಡುಗ ಬಿಡ್ಬೇಕಲ್ಲ, ನೈನ್ ನೈನ್ (ಅಂದ್ರೆ ಅಲ್ಲ ಅಲ್ಲ) ಅಂತ ಡಬ್ಬ ಬಡಿದ. ಜರ್ಮನ್‌ನಲ್ಲಿ 75ಕ್ಕೆ "ಫ್ಯುನ್ಫ್ ಉಂಡ್ ಝೀಬ್ಸಿಶ್" ಅಂತಾರೆ, ಅಂದ್ರೆ ಐದು ಮತ್ತು ಎಪ್ಪತ್ತು, ಬಿಡಿ ಮೊದಲು ಹತ್ತು ಆಮೇಲೆ. ಇವಳು ಕಿವಿಗೆ ಬಿದ್ದ ಆರ್ಡರ್‌ನಲ್ಲೇ ಬರೆದುಬಿಟ್ಟಿದ್ಲು. ಟೀಚರ್ ಮಧ್ಯೆ ಬರ್ಲೇ ಇಲ್ಲ, ಸುಮ್ನೆ ನಿಂತು ನೋಡಿದ್ರು. ಡಬ್ಬದೊಳಗಿಂದ ಒಂದು ಎರಡು ಸೆಕೆಂಡ್ ಸದ್ದಿಲ್ಲ, ಆಮೇಲೆ ಆ ಚೀಟಿ ಒಳಕ್ಕೆ ಎಳ್ಕೊಂಡು ಇನ್ನೊಂದು ಬಂತು, 75. ಆವತ್ತಿಂದ ಇವತ್ತಿನವರೆಗೆ ಅವಳು ಒಂದು ನಂಬರ್ ಉಲ್ಟಾ ಬರೆದಿಲ್ಲ. ಆ್ಯಪ್‌ನಲ್ಲಿ ಇದೇ ನಂಬರ್ ಲೆಸನ್ ನಾಲ್ಕು ಸಲ ಮಾಡಿದ್ಲು, ನಿಂತಿರ್ಲಿಲ್ಲ. ಅಲ್ಲಿ ತಪ್ಪಾದ್ರೆ ಕೆಂಪು ಗುರುತು ಬರುತ್ತೆ ಅಷ್ಟೇ, ಇಲ್ಲಿ ಎದುರಿಗೆ ಒಬ್ಬ ತನ್ನ 18 ಸೆಂಟ್ ಹೋಯ್ತಲ್ಲ ಅಂತ ನಿಂತಿದಾನೆ. ಈ ಕ್ಲಾಸಿಗೆ ನಾನು ದುಡ್ಡು ಕೊಡ್ತಿರೋದು ಇದಕ್ಕೇ.

ಕಸ ಬೇರೆ ಮಾಡೋ ಪ್ರಾಜೆಕ್ಟೂ ಇತ್ತು. ಅಲ್ಲಿ ಪೇಪರ್‌ಗೆ ನೀಲಿ ಡಬ್ಬ, ಅಡುಗೆ ಮನೆ ಕಸಕ್ಕೆ ಕಂದು, ಪ್ಯಾಕಿಂಗ್ ಪ್ಲಾಸ್ಟಿಕ್‌ಗೆ ಹಳದಿ (ಬಣ್ಣ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತೆ), ಗಾಜಿನ ಬಾಟಲಿಗೆ ರಸ್ತೆ ಪಕ್ಕ ಬೇರೆ ಕಂಟೇನರ್, ಅದನ್ನೂ ಭಾನುವಾರ ಹಾಕೋ ಹಾಗಿಲ್ಲ, ಸದ್ದಾಗಿ ಅಕ್ಕಪಕ್ಕದವರಿಗೆ ತೊಂದರೆ ಅಂತ. ನಮ್ಮ ಮನೇಲಿ ಹಸಿ ಕಸ ಒಣ ಕಸ ಬೇರೆ ಮಾಡೋದು ಮೊದಲಿಂದ ಇದೆ, ಮಕ್ಕಳು ತಮ್ಮ ತಮ್ಮ ಮನೆ ಕಸ ಒಂದು ವಾರ ಬರೆದಿಟ್ಟು ಎರಡೂ ಕಡೆ ಹೋಲಿಸಿ ಚಾರ್ಟ್ ಮಾಡಿದ್ರು. ನಮ್ಮ ಬಾಳೆ ಎಲೆ, ತೆಂಗಿನ ಚಿಪ್ಪು ಯಾವ ಡಬ್ಬಕ್ಕೆ ಅಂತ ಕ್ಲಾಸಲ್ಲಿ ದೊಡ್ಡ ಚರ್ಚೆ ಆಯ್ತಂತೆ, ಅದೂ ಅರ್ಧ ಜರ್ಮನ್ ಅರ್ಧ ಕನ್ನಡದಲ್ಲಿ.

ನವೆಂಬರ್ 11ಕ್ಕೆ ಸಂತ ಮಾರ್ಟಿನ್ ಹಬ್ಬದ ಲಾಟೀನು. ಕುದುರೆ ಮೇಲೆ ಹೋಗ್ತಿದ್ದ ಸಿಪಾಯಿ ಚಳೀಲಿ ನಡುಗ್ತಿದ್ದ ಭಿಕ್ಷುಕನ್ನ ನೋಡಿ ತನ್ನ ಮೇಲುಹೊದಿಕೆ ಕತ್ತೀಲಿ ಎರಡು ಭಾಗ ಮಾಡಿ ಅರ್ಧ ಕೊಟ್ಟ ಕತೆ, ಅದರ ನೆನಪಿಗೆ ಅಲ್ಲಿ ಮಕ್ಕಳು ಕತ್ತಲಾದ ಮೇಲೆ ಲಾಟೀನು ಹಿಡ್ಕೊಂಡು ಹಾಡ್ತಾ ಬೀದೀಲಿ ಹೋಗ್ತಾರೆ. ನಮ್ಮವಳು ಸ್ವೀಟ್ ಡಬ್ಬದ ತಳಕ್ಕೆ ಬಟರ್ ಪೇಪರ್ ಸುತ್ತಿ, ಒಳಗೆ ಬ್ಯಾಟರಿ ದೀಪ ಇಟ್ಲು. ಆವತ್ತು ಸಂಜೆ ಬೆಂಗಳೂರಲ್ಲಿ ಜಿಟಿಜಿಟಿ ಮಳೆ, ಬೀದಿಗೆ ಹೋಗೋಕಾಗದೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲೇ ಲೈಟ್ ಆಫ್ ಮಾಡಿ ಸುತ್ತು ಹೊಡೆದ್ರು. ನಮ್ಮತ್ತೆ ಕುರ್ಚಿ ಹಾಕ್ಕೊಂಡು ನೋಡಿ, ಕಾರ್ತೀಕದ ದೀಪದ ಥರಾನೇ ಇದೆ ಅಂದ್ರು, ತಿಂಗಳೂ ಹೆಚ್ಚು ಕಮ್ಮಿ ಅದೇ ಅಲ್ವಾ.

ಇನ್ನೊಂದು ನನಗೆ ತುಂಬಾ ಹಿಡಿಸಿದ್ದು, ಕನ್ನಡದ ಕಡೆಯಿಂದ ಜರ್ಮನ್‌ಗೆ ಹೋಗೋ ರೀತಿ. ಎಂ.ಜಿ. ರೋಡ್‌ನಲ್ಲಿರೋ ಕಿಟೆಲ್ ಪ್ರತಿಮೆ ನೋಡಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಿದ್ರು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮನುಷ್ಯ ಇಲ್ಲಿಗೆ ಬಂದು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿ, ಅದು 1894ರಲ್ಲಿ ಮಂಗಳೂರಲ್ಲಿ ಅಚ್ಚಾಯ್ತು ಅಂತ ಕೇಳಿ ನನ್ನ ಮಗಳು ಬಾಯಿ ಬಿಟ್ಕೊಂಡು ನೋಡ್ತಿದ್ಲಂತೆ. ಆಮೇಲೆ ಮಕ್ಕಳು ತಾವೇ ಒಂದು ಪುಟ್ಟ ಕನ್ನಡ-ಜರ್ಮನ್ ನಿಘಂಟು ಮಾಡಿದ್ರು, ಅಜ್ಜಿ ಹೇಳೋ ಪದ ಮಾತ್ರ ಹಾಕ್ಬೇಕು ಅನ್ನೋದು ರೂಲು. "ಒಗ್ಗರಣೆ"ಗೆ ಜರ್ಮನ್ ಪದ ಸಿಗ್ಲಿಲ್ಲ, ಮೂರು ಸಾಲು ವಿವರಣೆ ಬರೆದ್ರು, ಸಾಸಿವೆ ಸಿಡಿಯೋ ಸದ್ದು ಸಮೇತ. ನೀನು, ನೀವು ವ್ಯತ್ಯಾಸಾನೂ ಹಂಗೇ, ಇಂಗ್ಲಿಷ್‌ನಲ್ಲಿ ಎರಡಕ್ಕೂ ಯೂ ಒಂದೇ, ಜರ್ಮನ್‌ನಲ್ಲಿ ಡೂ ಬೇರೆ ಝೀ ಬೇರೆ. ಬೇಕರಿ ಆಟದಲ್ಲಿ ಅಂಗಡಿಯವರಿಗೆ ಝೀ ಅನ್ಬೇಕು ಅಂತ ಯಾರೂ ಹೇಳಿಕೊಡ್ಬೇಕಾಗ್ಲಿಲ್ಲ, ಕನ್ನಡ ಮಾತಾಡೋ ಮಕ್ಕಳಿಗೆ ಅದು ತಾನಾಗೇ ಬಂತು.

ಈಗ ಒಂದು ಸ್ಟಾರ್ ಯಾಕೆ ಕಮ್ಮಿ ಅಂತ. ವ್ಯಾಕರಣ ಸಾಲಲ್ಲ. ಜರ್ಮನ್‌ನಲ್ಲಿ ಪ್ರತಿ ಹೆಸರಿಗೂ ಡೇರ್, ಡೀ, ಡಾಸ್ ಅಂತ ಲಿಂಗ ಇರುತ್ತೆ, ನಮಗೆ ಟೇಬಲ್ಲೂ ಬಾಗಿಲೂ ಎರಡೂ "ಅದು", ಅವರಿಗೆ ಟೇಬಲ್ ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಸೂರ್ಯ ಸ್ತ್ರೀಲಿಂಗ ಚಂದ್ರ ಪುಲ್ಲಿಂಗ, "ಮೇಡ್‌ಶೆನ್" ಅಂದ್ರೆ ಹುಡುಗಿ, ಅದು ನೋಡಿದ್ರೆ ನಪುಂಸಕ ಲಿಂಗ (ಇದಕ್ಕೆ ಮಗಳು ಎರಡು ದಿನ ಸಿಟ್ಟಾಗಿದ್ಲು). ಇದನ್ನ ಪದದ ಜೊತೆಗೇ ಬಾಯಿಪಾಠ ಮಾಡ್ಬೇಕು, ಸುಮಾರು ಪದಗಳಿಗೆ ಬೇರೆ ದಾರಿ ಇಲ್ಲ. ಇಲ್ಲಿ ಪ್ರಾಜೆಕ್ಟ್ ಗಡಿಬಿಡೀಲಿ ಮಕ್ಕಳು ಬರೀ ಪದ ಬರ್ಕೋತಾರೆ, ನೋಟ್ ಬುಕ್ ತೆಗೆದು ನೋಡಿದ್ರೆ ಅರ್ಧ ಪದಕ್ಕೆ ಡೇರ್ ಡೀ ಡಾಸ್ ಇಲ್ಲ. ಹೇಳಿದ್ಮೇಲೆ ಎರಡನೇ ಟರ್ಮ್‌ನಲ್ಲಿ ಮೊದಲ ಹದಿನೈದು ನಿಮಿಷ ಅದಕ್ಕೆ ಅಂತ ಇಟ್ಟಿದಾರೆ, ಸ್ವಲ್ಪ ಸುಧಾರಿಸಿದೆ, ಆದ್ರೂ ಮನೇಲಿ ನಾನು ಮೂರು ಬಣ್ಣದ ಚೀಟಿ ಮಾಡಿ ಗೋಡೆಗೆ ಅಂಟಿಸಬೇಕಾಯ್ತು. 10ರಿಂದ 16 ವರ್ಷದವರಿಗೆ ಗ್ಯೋಥೆ ಇನ್‌ಸ್ಟಿಟ್ಯೂಟ್ ನಡೆಸೋ "ಫಿಟ್ ಇನ್ ಡಾಯ್ಚ್ 1" ಪರೀಕ್ಷೆ ಬರೆಸೋ ಯೋಚನೆ ಇರೋರು ಇದೊಂದೇ ಕ್ಲಾಸ್ ನಂಬ್ಕೋಬೇಡಿ, ಮಾತಾಡೋ ಭಾಗ ಸಲೀಸಾಗಿ ಹೋಗುತ್ತೆ, ಬರೆಯೋದಕ್ಕೆ ಬೇರೆ ಪ್ರಾಕ್ಟೀಸ್ ಬೇಕು.

ಆಮೇಲೆ ಸಾಮಾನಿನ ಪಟ್ಟಿ. ಶುಕ್ರವಾರ ರಾತ್ರಿ ಒಂಬತ್ತೂವರೆಗೆ ವಾಟ್ಸ್ಯಾಪ್‌ನಲ್ಲಿ, ನಾಳೆ ಬೆಳಗ್ಗೆ ಕ್ರೇಪ್ ಪೇಪರ್, ತಂತಿ, ಗಮ್ ಗನ್ ತನ್ನಿ ಅಂತ ಬರುತ್ತೆ, ಆ ಹೊತ್ತಲ್ಲಿ ಯಾವ ಸ್ಟೇಷನರಿ ಅಂಗಡಿ ತೆಗೆದಿರುತ್ತೆ ಹೇಳಿ. ಮೂರು ಸಲ ಹೇಳಿದೀನಿ. ಎಂಟು ವರ್ಷದವರನ್ನೂ ಹದಿಮೂರು ವರ್ಷದವರನ್ನೂ ಒಂದೇ ಗುಂಪಲ್ಲಿ ಹಾಕಿದಾಗ ದೊಡ್ಡವರೇ ಮಾತೆಲ್ಲ ಆಡಿ, ಚಿಕ್ಕವರು ಬಣ್ಣ ತುಂಬ್ತಾ ಕೂತ್ಕೋತಾರೆ, ಇದನ್ನಂತೂ ಖಂಡಿತ ಸರಿ ಮಾಡ್ಬೇಕು, ಯಾಕಂದ್ರೆ ಬಣ್ಣ ತುಂಬಕ್ಕೆ ಯಾರೂ ಜರ್ಮನ್ ಕ್ಲಾಸಿಗೆ ಕಳಿಸಲ್ಲ. ಅಪ್ಪ ಅಮ್ಮಂದಿರಿಗೂ ಒಂದು ಮಾತು, ದಯವಿಟ್ಟು ಮಕ್ಕಳ ಪ್ರಾಜೆಕ್ಟ್ ನೀವು ಮಾಡಿಕೊಡಬೇಡಿ, ಲಾಟೀನು ದಿನ ಅಂಗಡೀಲಿ ಕೊಂಡ ಹಾಗಿದ್ದ ನಾಲ್ಕು ಲಾಟೀನು ಬಂದಿದ್ವು, ಅದನ್ನ ಹಿಡ್ಕೊಂಡಿದ್ದ ಮಕ್ಕಳಿಗೆ ಇದನ್ನ ಹೆಂಗೆ ಮಾಡ್ದೆ ಅಂತ ಟೀಚರ್ ಜರ್ಮನ್‌ನಲ್ಲಿ ಕೇಳಿದ್ರೆ ಹೇಳಕ್ಕೆ ಏನೂ ಇರ್ಲಿಲ್ಲ, ಪಾಪ ತಲೆ ತಗ್ಗಿಸಿ ನಿಂತಿದ್ವು.

ಭಾನುವಾರದ ಕಾಲ್ ಈಗ ಹೆಂಗಿದೆ ಅಂದ್ರೆ, ಮಗಳು ಅಜ್ಜಿ ಪಕ್ಕ ಕೂತ್ಕೋತಾಳೆ. ಹೋದ ವಾರ ಆ ಹುಡುಗ ಏನೋ ಹೇಳ್ದ, ನಮ್ಮತ್ತೆ ಇವಳ ಕಡೆ ತಿರುಗಿ "ಏನಂತೆ?" ಅಂದ್ರು. "ಹಲ್ಲು ಅಲ್ಲಾಡ್ತಿದೆಯಂತೆ ಅಜ್ಜಿ, ಬ್ರೆಡ್ ಕಚ್ಚಕ್ಕೆ ಆಗ್ತಿಲ್ವಂತೆ." ನಮ್ಮತ್ತೆ ಬಿಸಿ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಅಂತ ಹೇಳು ಅಂದ್ರು, ಮಗಳು ಉಪ್ಪು, ಬಿಸಿ ನೀರು ಅಂತ ಜರ್ಮನ್‌ನಲ್ಲಿ ಹೇಳಿ ಮುಕ್ಕಳಿಸೋದನ್ನ ಬಾಯಲ್ಲಿ ಮಾಡಿ ತೋರಿಸಿದ್ಲು, ಆ ಪದ ಇನ್ನೂ ಬರಲ್ಲ. ಅವನು ಎದ್ದು ಅಡುಗೆಮನೆಗೆ ಹೋದ.

ಮೂರನೇ ಟರ್ಮ್‌ಗೂ ಸೇರಿಸಿದೀನಿ. ಸೇರಿಸೋರು ಒಂದು ಡೆಮೋ ಕ್ಲಾಸ್ ಕೇಳಿ, ಕೊಡ್ತಾರೆ, ಪ್ರಾಜೆಕ್ಟ್ ನಡುವಿನ ದಿನಾನೇ ಹೋಗಿ ನೋಡಿ, ಕೊನೇ ದಿನದ ಪ್ರದರ್ಶನ ನೋಡಿದ್ರೆ ಏನೂ ಗೊತ್ತಾಗಲ್ಲ. ಗಾಡಿ ನಿಲ್ಲಿಸಕ್ಕೆ ಜಾಗ ಇಲ್ಲ, ಆಟೋದಲ್ಲಿ ಬಿಡೋದು ವಾಸಿ.