ಗೂಗಲ್ ಶೀಟ್ಸ್‌ನಲ್ಲಿ ಡ್ಯೂಟಿ ಚಾರ್ಟ್: ಹೊಸ ಸ್ಟೋರ್ ಮ್ಯಾನೇಜರ್‌ಗೆ ಎಷ್ಟು ಉಪಯೋಗ?

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ, ಸೇಡಂ ರಸ್ತೆ, ಜೇವರ್ಗಿ ರಸ್ತೆಗಳಲ್ಲಿ ಕಿರಾಣಿ ಮತ್ತು ಬಟ್ಟೆಯ ದೊಡ್ಡ ಅಂಗಡಿಗಳು ಹೆಚ್ಚುತ್ತಿವೆ. ಕ್ಯಾಷಿಯರ್ ಅಥವಾ ಫ್ಲೋರ್ ಸೂಪರ್‌ವೈಸರ್ ಆಗಿದ್ದವರೇ ಅಲ್ಲಿ ಬಡ್ತಿ ಪಡೆದು ಮ್ಯಾನೇಜರ್ ಆಗುತ್ತಾರೆ. ಬೆಳಿಗ್ಗೆ ಶಟರ್ ಎತ್ತುವವರೂ ಅವರೇ, ರಾತ್ರಿ ಬೀಗ ಹಾಕುವವರೂ ಅವರೇ. ದಿನಕ್ಕೆ 13 ತಾಸು, ವಾರಕ್ಕೆ 6 ದಿನ ಎಂದರೆ 78 ತಾಸು. ಈ ಲೆಕ್ಕ ಎಲ್ಲಿಯೂ ಬರೆದಿಟ್ಟಿರುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಬರೆದಿಡುವ ದಾರಿ ಡ್ಯೂಟಿ ಚಾರ್ಟ್, ಅಂದರೆ ಯಾರು ಯಾವ ಹೊತ್ತು ಕೆಲಸಕ್ಕೆ ಎಂಬ ಪಟ್ಟಿ. ಅದನ್ನು ಕಟ್ಟಲು ಗೂಗಲ್ ಶೀಟ್ಸ್ ಎಂಬ ಆನ್‌ಲೈನ್ ಲೆಕ್ಕದ ಹಾಳೆ ಉಚಿತ, ಗೂಗಲ್ ಖಾತೆಯೊಂದಿದ್ದರೆ ಸಾಕು. ಎಂಟರಿಂದ ಇಪ್ಪತ್ತೈದು ಜನ ಕೆಲಸ ಮಾಡುವ ಅಂಗಡಿಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಚಾರ್ಟಿನ ಮೊದಲ ಸಾಲಿನಲ್ಲಿ ಮ್ಯಾನೇಜರ್ ತನ್ನ ಹೆಸರನ್ನೇ ಬರೆದುಕೊಳ್ಳಬೇಕು. ಸಿಬ್ಬಂದಿಯ ಹೆಸರಷ್ಟೇ ತುಂಬಿದರೆ ಅರ್ಧ ಲಾಭ ಕೈಬಿಟ್ಟಂತೆ.

ಕಾರಣ ಕಾನೂನಿನಲ್ಲೇ ಇದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರರಿಗೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂಬ ಮಿತಿ ಹಾಕುತ್ತದೆ. ಸತತ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ 1 ತಾಸು ಬಿಡುವು ಕೊಡಬೇಕು. ಬಿಡುವೂ ಸೇರಿ ದಿನದ ಹರವು, ಅಂದರೆ ಕೆಲಸಕ್ಕೆ ಬಂದ ಹೊತ್ತಿನಿಂದ ಮುಗಿಸಿ ಹೋಗುವ ಹೊತ್ತಿನವರೆಗೆ, 12 ತಾಸು ದಾಟಬಾರದು. ವಾರಕ್ಕೊಂದು ಪೂರ್ತಿ ರಜೆ ಇರಬೇಕು, ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೂಲಿ ಸಲ್ಲಬೇಕು. ಆಡಳಿತದ ಹೊಣೆಯಲ್ಲಿರುವವರು ಮಾತ್ರ ಈ ಮಿತಿಯ ಹೊರಗೆ. ಸಿಬ್ಬಂದಿಯ ತಾಸು ಎಣಿಸಲು ಕಾಯ್ದೆ ಇದೆ, ಮ್ಯಾನೇಜರ್ ತನ್ನ ತಾಸು ತಾನೇ ಎಣಿಸಿಕೊಳ್ಳಬೇಕು.

ಚಾರ್ಟ್ ಕಟ್ಟುವ ಕೆಲಸವನ್ನು ಕಂಪ್ಯೂಟರ್‌ನಲ್ಲೇ ಮಾಡಿ. ಮೊಬೈಲ್ ಆ್ಯಪ್ ನೋಡುವುದಕ್ಕೆ, ಒಂದೆರಡು ಬದಲಾವಣೆಗೆ ಚೆನ್ನಾಗಿದೆ. ಸೂತ್ರ ಬರೆಯಲು ಹೋದರೆ ಬೆರಳೂ ನೋಯುತ್ತದೆ, ತಪ್ಪೂ ಆಗುತ್ತದೆ. ಎಡಕ್ಕೆ ಹೆಸರು, ಅದರ ಪಕ್ಕ ಕೆಲಸ (ಕ್ಯಾಷ್, ಫ್ಲೋರ್, ಗೋದಾಮು), ಆಮೇಲೆ ಸೋಮವಾರದಿಂದ ಭಾನುವಾರದವರೆಗೆ ಏಳು ಕಾಲಂ, ಕೊನೆಗೆ ಒಟ್ಟು ತಾಸು. ಅಂಗಡಿ 9:30ರಿಂದ ರಾತ್ರಿ 9:30ರವರೆಗೆ ತೆರೆದಿರುತ್ತದೆ ಎಂದುಕೊಂಡರೆ ಮೂರು ಗುರುತು ಸಾಕು: ‘ಬೆ’ ಎಂದರೆ 9ರಿಂದ 6, ‘ಮ’ ಎಂದರೆ 12ರಿಂದ 9, ‘ಸಂ’ ಎಂದರೆ 1ರಿಂದ 10. ಮೂರರಲ್ಲೂ 1 ತಾಸು ಬಿಡುವು ತೆಗೆದರೆ 8 ತಾಸು ಕೆಲಸ. ಆರು ದಿನಕ್ಕೆ ಸರಿಯಾಗಿ 48. ಒಟ್ಟು ತಾಸಿಗೆ ಕೌಂಟ್‌ಇಫ್ (COUNTIF) ಸೂತ್ರದಿಂದ ಮೂರೂ ಗುರುತುಗಳನ್ನು ಎಣಿಸಿ 8ರಿಂದ ಗುಣಿಸಿದರೆ ಆಯಿತು. ಮ್ಯಾನೇಜರ್ ಸಾಲಿನಲ್ಲಿ ಮಾತ್ರ ಗುರುತಿನ ಬದಲು ದುಡಿದ ತಾಸನ್ನೇ ಬರೆದು ಕೂಡಿಸಿ. 48 ದಾಟಿದರೆ ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ.

ಇಲ್ಲಿ ಎಡವುವುದು ಟೈಪಿಂಗ್‌ನಲ್ಲಿ. ‘ಸಂ’ ಮುಂದೆ ಒಂದು ಸ್ಪೇಸ್ ಬಿದ್ದರೂ ಕೌಂಟ್‌ಇಫ್ ಅದನ್ನು ಎಣಿಸುವುದಿಲ್ಲ. ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಒಟ್ಟು ಮಾತ್ರ 40 ಎನ್ನುತ್ತದೆ. ಅದಕ್ಕೇ ಡೇಟಾ ವ್ಯಾಲಿಡೇಷನ್‌ನಲ್ಲಿ ಡ್ರಾಪ್‌ಡೌನ್ (ಒತ್ತಿ ಆಯ್ದುಕೊಳ್ಳುವ ಪಟ್ಟಿ) ಮಾಡಿ, ಪಟ್ಟಿಯಲ್ಲಿಲ್ಲದ್ದನ್ನು ತಿರಸ್ಕರಿಸುವ ಆಯ್ಕೆ ಒತ್ತಿ. ಗುರುತನ್ನು ಕೈಯಿಂದ ಯಾರೂ ಟೈಪ್ ಮಾಡುವಂತಿರಬಾರದು.

ರಾತ್ರಿ 10ಕ್ಕೆ ಹೋದವರನ್ನು ಮರುದಿನ 9ಕ್ಕೆ ಕರೆಸುವುದು ಹೊಸಬರು ಗಮನಿಸದೆ ಮಾಡುವ ತಪ್ಪು. ಶಹಾಬಾದ್ ಅಥವಾ ಆಳಂದ ಕಡೆಯಿಂದ ದಿನಾ ಓಡಾಡುವ ಹುಡುಗರಿಗೆ ನಡುವಿನ 11 ತಾಸಿನಲ್ಲಿ ನಿದ್ದೆಗೆ ಉಳಿಯುವುದು ತೀರಾ ಕಡಿಮೆ. ಹಿಂದಿನ ದಿನ ‘ಸಂ’, ಇವತ್ತು ‘ಬೆ’ ಇದ್ದರೆ ಹಳದಿಯಾಗಲಿ ಎಂದು ಕಸ್ಟಮ್ ಸೂತ್ರದ ನಿಯಮ ಹಾಕಬಹುದು. ಸೂತ್ರದಲ್ಲಿ ಡಾಲರ್ ಚಿಹ್ನೆ ಹಾಕಬೇಡಿ, ಹಾಕಿದರೆ ಶೀಟಿನ ಎಲ್ಲ ಮನೆಗಳೂ (ಸೆಲ್) ಒಂದೇ ಮನೆಯನ್ನು ನೋಡುತ್ತವೆ. ನಿಯಮ ಮಂಗಳವಾರದ ಕಾಲಂನಿಂದ ಶುರುವಾಗಬೇಕು. ಸೋಮವಾರಕ್ಕೂ ಬೇಕಿದ್ದರೆ ಎಡಗಡೆ ಹೋದ ಭಾನುವಾರದ ಕಾಲಂ ಒಂದನ್ನು ಸೇರಿಸಿ, ಒಟ್ಟು ತಾಸಿನ ಸೂತ್ರದಿಂದ ಅದನ್ನು ಹೊರಗಿಡಿ.

ಈ ಶೀಟಿನ ನಿಜವಾದ ಬೆಲೆ ಗೊತ್ತಾಗುವುದು ತಾಸಿನ ಪ್ರಕಾರ ಜನ ಎಣಿಸಿದಾಗ. ಕೆಳಗೆ ಇನ್ನೊಂದು ಪಟ್ಟಿ ಮಾಡಿ: 9ರಿಂದ 10, 10ರಿಂದ 11, ಹೀಗೆ ರಾತ್ರಿ 10ರವರೆಗೆ, ಪ್ರತಿ ತಾಸಿಗೆ ಎಷ್ಟು ಜನ ಇರುತ್ತಾರೆ ಎಂದು. ಹತ್ತು ಜನರಲ್ಲಿ ಐವರು ‘ಬೆ’, ಐವರು ‘ಸಂ’ ಇದ್ದರೆ ಮಧ್ಯಾಹ್ನ 1ರಿಂದ 6ರವರೆಗೆ ಹತ್ತೂ ಜನ ಅಂಗಡಿಯಲ್ಲಿ, 6ರ ನಂತರ ಐವರೇ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವ ಹೊತ್ತಿನಲ್ಲಿ ರಸ್ತೆಯೇ ಖಾಲಿ, ಗಿರಾಕಿ ಬರುವುದು ಹೊತ್ತು ಇಳಿದ ಮೇಲೆ. ಅಂದರೆ ಜನ ಬೇಡದಾಗ ತುಂಬಿದ್ದಾರೆ, ಬೇಕಾದಾಗ ಅರ್ಧ. ಆ ಕೊರತೆ ತುಂಬಲು ಬಿಲ್ಲಿಂಗ್ ಕೌಂಟರ್‌ಗೆ ನಿಲ್ಲುವವರು ಮ್ಯಾನೇಜರ್. ಅವರ ಸ್ವಂತ ಕೆಲಸ ರಾತ್ರಿ 9:30ರ ಮೇಲೆ ಶುರುವಾಗುತ್ತದೆ. ‘ಬೆ’ ಮೂವರು, ‘ಮ’ ಇಬ್ಬರು, ‘ಸಂ’ ಐವರು ಎಂದು ಬದಲಿಸಿದರೆ 6ರಿಂದ 9ರವರೆಗೆ ಏಳು ಜನ ಸಿಗುತ್ತಾರೆ. ಸಂಬಳ ಒಂದು ರೂಪಾಯಿ ಹೆಚ್ಚಾಗದೆ ಗದ್ದಲದ ಹೊತ್ತಿಗೆ ಇಬ್ಬರು ಹೆಚ್ಚು.

ಬಿಡುವನ್ನೂ ಅದೇ ಪಟ್ಟಿಯಲ್ಲಿ ಕೂರಿಸಿ. ‘ಬೆ’ಗೆ 1ರಿಂದ 2, ‘ಮ’ಗೆ 4ರಿಂದ 5, ‘ಸಂ’ಗೆ 5ರಿಂದ 6. ಐವರೂ ಒಟ್ಟಿಗೆ ಹೋದರೆ ಕೌಂಟರ್ ಬರಿದಾಗುತ್ತದೆ, ‘ಸಂ’ನಲ್ಲಿ ಇಬ್ಬರನ್ನು 4ಕ್ಕೇ ಕಳಿಸಿ.

ಬಿಸಿಲಿನ ನೆಪದಲ್ಲಿ 9ರಿಂದ 1, ಮತ್ತೆ 5ರಿಂದ 9 ಎಂದು ಡ್ಯೂಟಿ ಮುರಿಯುವ ರೂಢಿ ಹಲವು ಕಡೆ ಇದೆ. ಕೆಲಸ 8 ತಾಸೇ ಆದರೂ ಹರವು ಸರಿಯಾಗಿ 12 ತಾಸು. ಗಲ್ಲಾ ಎಣಿಸುವುದು 9:20ಕ್ಕೆ ಹೋದರೂ ಕಾನೂನು ಮುರಿದಂತೆ. ಶೀಟ್ ಇದನ್ನು ತಾನಾಗಿ ಹೇಳುವುದಿಲ್ಲ, ಹರವಿಗೆ ಬೇರೆ ಕಾಲಂ ಬೇಕು.

ಎರಡನೇ ಟ್ಯಾಬ್ ಕ್ಲೋಸಿಂಗ್‌ಗೆ. ವಾರದಲ್ಲಿ ಮೂರು ರಾತ್ರಿಯಾದರೂ ಬೀಗದ ಕೈ ಹಿರಿಯ ಕ್ಯಾಷಿಯರ್ ಕೈಗೆ ಹೋಗದಿದ್ದರೆ ಮ್ಯಾನೇಜರ್ ಸಾಲು ಕೆಂಪಾಗಿಯೇ ಉಳಿಯುತ್ತದೆ. ಕೈ ಬದಲಾಯಿಸಲು ಧೈರ್ಯ ಬರುವುದು ಪಟ್ಟಿ ಗಟ್ಟಿಯಾಗಿದ್ದಾಗ. ಚೆಕ್‌ಬಾಕ್ಸ್ ಹಾಕಿ: ಕಾರ್ಡ್ ಮಷಿನ್ ಸೆಟ್ಲ್‌ಮೆಂಟ್, ಯುಪಿಐ ಮೊತ್ತ, ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದೆಯೇ, ಎ.ಸಿ., ಹಿಂದಿನ ಬಾಗಿಲು, ಶಟರ್. ಅದರ ಪಕ್ಕ ನೋಟಿನ ಪಟ್ಟಿ: 500, 200, 100, 50, 20, 10, ಎದುರಿಗೆ ಸಂಖ್ಯೆ ತುಂಬಿದರೆ ಮೊತ್ತ ಬರಬೇಕು. ಬೆಳಿಗ್ಗೆ ಇಟ್ಟ ಚಿಲ್ಲರೆ ಕಳೆದು, ಬಿಲ್ಲಿಂಗ್ ವರದಿಯ ನಗದಿನ ಜೊತೆ ಹೋಲಿಸುವ ಮನೆಯೊಂದು. ಬಹಳಷ್ಟು ವ್ಯತ್ಯಾಸ ಬರುವುದು ಕಳ್ಳತನದಿಂದಲ್ಲ, ಯುಪಿಐ ಬಿಲ್ಲನ್ನು ನಗದು ಎಂದು ಒತ್ತಿದ್ದರಿಂದ. ಹಾಗಾಗಿ ನಗದು ಕಡಿಮೆ ಬಂದಷ್ಟೇ ಮೊತ್ತ ಯುಪಿಐನಲ್ಲಿ ಹೆಚ್ಚು ಬಂದಿದೆಯೇ ಎಂದು ಮೊದಲು ನೋಡಿ. ನಾಲ್ಕು ಕೌಂಟರ್ ಇದ್ದರೆ ಎಲ್ಲವನ್ನೂ 9:30ಕ್ಕೆ ಒಟ್ಟಿಗೆ ಎಣಿಸಬೇಡಿ. ‘ಮ’ ಡ್ಯೂಟಿಯವರ ಕೌಂಟರ್ 8:45ಕ್ಕೆ ಮುಚ್ಚಿ ಎಣಿಸಿಬಿಟ್ಟರೆ ರಾತ್ರಿಯ ಕೆಲಸ ಅರ್ಧಕ್ಕಿಳಿಯುತ್ತದೆ. ಮರುದಿನಕ್ಕೆ ಎಲ್ಲ ಚೆಕ್‌ಬಾಕ್ಸ್ ಆಯ್ದು ಸ್ಪೇಸ್ ಬಾರ್ ಒತ್ತಿದರೆ ಗುರುತು ಅಳಿಯುತ್ತದೆ.

ಮ್ಯಾನೇಜರ್ ಸಾಲಿಗೆ ಇನ್ನೊಂದು ಕಾಲಂ: ತಡವಾಗಿದ್ದು ಯಾಕೆ? ಇದೂ ಡ್ರಾಪ್‌ಡೌನ್ ಆಗಿರಲಿ. ಕ್ಯಾಷ್ ವ್ಯತ್ಯಾಸ, ಮಾಲಿನ ಲಾರಿ ತಡ, ಸಿಬ್ಬಂದಿ ಗೈರು, ಹೆಡ್ ಆಫೀಸ್ ವರದಿ. ನಾಲ್ಕು ವಾರದ ನಂತರ ಎಣಿಸಿದರೆ ಎಲ್ಲಿ ಸೋರುತ್ತಿದೆ ಎಂಬುದು ಸ್ಪಷ್ಟ. ಲಾರಿಯೇ ಕಾರಣವೆಂದರೆ ಗೋದಾಮಿನ ಒಬ್ಬರನ್ನು ‘ಸಂ’ಗೆ ಹಾಕಿ. ಸಿಬ್ಬಂದಿ ಕೊರತೆಯೇ ಆದರೆ ಏರಿಯಾ ಮ್ಯಾನೇಜರ್ ಮುಂದೆ ಇಡಲು ಅಂಕಿ ಕೈಯಲ್ಲಿದೆ. ‘ಸರ್, ತುಂಬಾ ಕೆಲಸ’ ಎಂದರೆ ಯಾರೂ ಜನ ಕೊಡುವುದಿಲ್ಲ.

ಊರಿನ ದಿನಗಳಿಗೂ ಒಂದು ಟ್ಯಾಬ್ ಬೇಕು. ಎಳ್ಳಮಾವಾಸ್ಯೆಗೆ ಈ ಭಾಗದ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಅಂದು ಎಲ್ಲರಿಗೂ ರಜೆ ಬೇಕು, ಅಂಗಡಿಯಲ್ಲೂ ಜನ ಕಡಿಮೆ. ಆದರೆ ಅದರ ಹಿಂದಿನ ಎರಡು ದಿನ ಸಂತೆಗೆ ಜನ ಮುಗಿಬೀಳುತ್ತಾರೆ. ರಂಜಾನ್ ಕೊನೆಯ ವಾರ ಗಿರಾಕಿ ತಡರಾತ್ರಿ ಬರುತ್ತಾರೆ, ಉಪವಾಸವಿರುವ ಸಿಬ್ಬಂದಿಗೆ ಇಫ್ತಾರ್ ಹೊತ್ತಿಗೆ ಬಿಡುವು ಸರಿಸಬೇಕು. ಶರಣಬಸವೇಶ್ವರ ಜಾತ್ರೆ, ತಿಂಗಳ ಮೊದಲ ವಾರ, ತೊಗರಿ ಮಾರಿ ರೈತರ ಕೈಗೆ ದುಡ್ಡು ಬರುವ ಜನವರಿ, ಇವನ್ನೆಲ್ಲ ಮೊದಲೇ ಬಣ್ಣ ಹಚ್ಚಿಡಿ. ರಜೆಯ ಅರ್ಜಿ ಬಂದಾಗ ಬಾಯಿಮಾತಿನಲ್ಲಿ ಹೂಂ ಅನ್ನದೆ ಈ ಟ್ಯಾಬ್ ತೆರೆದು ನೋಡಿ.

ಕೊರತೆಗಳೂ ಇವೆ. ಇದು ಯೋಜನೆಯ ಚಾರ್ಟ್, ಹಾಜರಿಯಲ್ಲ. ಬಯೋಮೆಟ್ರಿಕ್ ಯಂತ್ರದ ಫೈಲ್ ತಂದು ಸೇರಿಸಬಹುದು, ಆದರೆ ಒಟ್ಟು ಸಮಯದ ಮನೆ ಟೈಮ್ ಫಾರ್ಮ್ಯಾಟ್‌ನಲ್ಲಿದ್ದರೆ 24 ತಾಸು ದಾಟಿದ್ದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, 50 ತಾಸು 2 ಆಗಿ ಕಾಣುತ್ತದೆ. ಡ್ಯುರೇಷನ್ ಫಾರ್ಮ್ಯಾಟ್ ಆಯ್ದರೆ ಸರಿ. ಲಿಂಕನ್ನು ವಾಟ್ಸಾಪ್ ಗುಂಪಿಗೆ ಎಡಿಟರ್ ಹಕ್ಕಿನೊಂದಿಗೆ ಹಾಕಿದರೆ ಯಾರು ಬೇಕಾದರೂ ಡ್ಯೂಟಿ ಬದಲಿಸಬಹುದು. ವ್ಯೂವರ್ ಹಕ್ಕು ಮಾತ್ರ ಕೊಡಿ. ಗಡಿಬಿಡಿಯಾದರೆ ವರ್ಷನ್ ಹಿಸ್ಟರಿಯಿಂದ ಹಿಂದಿನದನ್ನು ಮರಳಿ ತರಬಹುದು, ಇದು ನಿಜಕ್ಕೂ ದೊಡ್ಡ ಅನುಕೂಲ. ಸ್ಕ್ರೀನ್‌ಶಾಟ್ ಕಳಿಸುವವರು ಮೇಲೆ ತಾರೀಖು, ತಿದ್ದುಪಡಿ ಸಂಖ್ಯೆ ಹಾಕಲೇಬೇಕು, ಇಲ್ಲದಿದ್ದರೆ ಹಳೇ ಫೋಟೊ ನೋಡಿ ಬಂದವರ ಜೊತೆ ವಾದವೇ ಆಗುತ್ತದೆ. ನೆಟ್ ಹೋಗುವ ಕಡೆ ಮೊಬೈಲ್ ಆ್ಯಪ್‌ನಲ್ಲಿ ಫೈಲನ್ನು ಆಫ್‌ಲೈನ್‌ಗೆ ಗುರುತು ಮಾಡಿಡಿ, ಒಂದು ಪ್ರಿಂಟ್ ಗೋದಾಮಿನ ಗೋಡೆಗೂ ಅಂಟಿಸಿ.

ಎಕ್ಸೆಲ್ ಬಲ್ಲವರಿಗೆ ಇದೆಲ್ಲ ಅಲ್ಲಿಯೂ ಸಾಧ್ಯ. ಆದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿಯಾಗುವ ತಲೆನೋವು ಗೂಗಲ್ ಶೀಟ್ಸ್‌ನಲ್ಲಿಲ್ಲ. ಮೂವತ್ತಕ್ಕಿಂತ ಹೆಚ್ಚು ಜನ, ಅಥವಾ ಬೀದರ್, ಯಾದಗಿರಿಗಳಲ್ಲೂ ಶಾಖೆ ಇದ್ದರೆ ಇದು ಸಾಲದು. ಹಾಜರಿ, ಸಂಬಳ ಎರಡನ್ನೂ ಜೋಡಿಸುವ ತಂತ್ರಾಂಶ ಬೇಕಾಗುತ್ತದೆ. ಒಂದೇ ಅಂಗಡಿ ನೋಡಿಕೊಳ್ಳುವವರಿಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಕಳೆದ ಒಂದು ಅಂಕ ಮೊಬೈಲ್‌ನಲ್ಲಿ ಚಾರ್ಟ್ ಕಟ್ಟುವ ತ್ರಾಸಿಗೆ.