ಹಲ್ಲು ನೋಡಲು ಕೊಂಡ ಯುಎಸ್‌ಬಿ ಮೈಕ್ರೋಸ್ಕೋಪ್: ಕ್ಯಾಮೆರಾ ಪಾಸ್, ಸ್ಟ್ಯಾಂಡ್ ಫೇಲ್

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ಎಕ್ಸ್ ಅಂತಿದೆ. ನಂಬಬೇಡಿ. ಒಂದು ಹಂತ ದಾಟಿದ ಮೇಲೆ ಚಿತ್ರವನ್ನೇ ಹಿಗ್ಗಿಸಿ ತೋರಿಸುತ್ತದೆ ಅಷ್ಟೇ. ನನಗೆ ಅಷ್ಟೆಲ್ಲ ಬೇಕಾಗಿಯೂ ಇರಲಿಲ್ಲ.

ನಾನು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಶಾಲೆ ಹಿಂದಿನ ಹಳೇ ಗೋದಾಮಿನಲ್ಲಿ ಕಣಜ ಗೂಬೆ ಇದೆ. ಅದು ಉಗುಳುವ ಕೂದಲು, ಮೂಳೆಯ ಉಂಡೆಗಳನ್ನು ನೆನೆಸಿ ಬಿಡಿಸಿದರೆ ಇಲಿ, ಸುಂಡಿಲಿಗಳ ದವಡೆ ಸಿಗುತ್ತವೆ. ಸುಂಡಿಲಿಯ ಮೇಲ್ದವಡೆಯ ಹಲ್ಲು ಸಾಸಿವೆ ಕಾಳಿನಷ್ಟು. ಕಪ್ಪು ಕಾಗದದ ಮೇಲಿಟ್ಟು ಈ ಕ್ಯಾಮೆರಾ ಹಿಡಿದರೆ ಕೆನ್ನೆ ಕಡೆ ಡಬ್ಲ್ಯು ಅಕ್ಷರದ ಹಾಗೆ ಓಡುವ ಚೂಪು ಏಣು ಚೆನ್ನಾಗಿ ಕಾಣುತ್ತದೆ.

ಹಲ್ಲಿನ ಹುಚ್ಚು ಹತ್ತಿಸಿದ್ದು ಟಿಕಿಥೀರಿಯಂ ಅನ್ನೋ ಪಳೆಯುಳಿಕೆ. ಮಧ್ಯಪ್ರದೇಶದ ಟಿಕಿ ಶಿಲಾಪದರದಲ್ಲಿ ಸಿಕ್ಕಿದ್ದು ಒಂದೇ ಒಂದು ಮೇಲ್ದವಡೆ ಹಲ್ಲು. 2005ರಲ್ಲಿ ಪಿ.ಎಂ. ದತ್ತ ಅದಕ್ಕೆ ಟಿಕಿಥೀರಿಯಂ ಕೋಪೈ ಅಂತ ಹೆಸರಿಟ್ಟರು. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ, ಸಸ್ತನಿಗಳ ಆದಿ ಬಂಧು ಎಂದರು. ಆದರೆ ಮಾರ್ಗನುಕೊಡಾನ್‌ನಂಥ, ಸಸ್ತನಿಗಳ ಆದಿಕಾಲದ ಬಂಧುಗಳ ದವಡೆ ಹಲ್ಲಿನಲ್ಲಿ ಮುಖ್ಯ ಮೊನೆಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇದು ನೋಡಿದರೆ ನಾಲಿಗೆ ಕಡೆಗೂ ಅಗಲವಾಗಿ ಹರಡಿದ ಹಲ್ಲು. ಅಷ್ಟು ಹಿಂದೆಯೇ ಇಷ್ಟು ಮುಂದುವರಿದಿತ್ತಾ ಅಂತ ಅನುಮಾನ ಬರಬೇಕಲ್ವಾ? 2024ರಲ್ಲಿ ಅವೆರಿಯಾನೋವ್ ಮತ್ತು ವೊಯ್ಟಾ ಎಂಬ ಸಂಶೋಧಕರು, ಇದು ತೀರಾ ಈಚಿನ ನಿಯೋಜೀನ್ ಕಾಲದ ಸುಂಡಿಲಿಯದ್ದು ಎಂದರು. ಆ ಕಾಲ ಶುರುವಾದದ್ದೇ ಸುಮಾರು 2.3 ಕೋಟಿ ವರ್ಷಗಳ ಹಿಂದೆ!

ನಮ್ಮ ಗೂಬೆ ಕೊಟ್ಟ ಹಲ್ಲಿನ ಫೋಟೊ ಪಕ್ಕ ಟಿಕಿಥೀರಿಯಂ ಚಿತ್ರ ಇಟ್ಟು ನೋಡಿದ ಮೇಲೆ ನನ್ನ ವೋಟೂ ಸುಂಡಿಲಿಗೇ. ಇಂಥ ಹೋಲಿಕೆಗೆ ಎರಡೂ ಹಲ್ಲು ಒಂದೇ ಕೋನದಲ್ಲಿ ಕಾಣಬೇಕು. ಸ್ವಲ್ಪ ವಾಲಿದರೂ ಏಣಿನ ಆಕಾರವೇ ಬೇರೆ ಅನ್ನಿಸುತ್ತದೆ. ಈ ಪ್ಲಾಸ್ಟಿಕ್ ಸ್ಟ್ಯಾಂಡ್ ಕೈಕೊಡುವುದು ಅಲ್ಲೇ. ಫೋಕಸ್ ತಿರುಗಿಸಿದರೆ ಕತ್ತು ಬಾಗುತ್ತದೆ. ನಾನು ಲ್ಯಾಬಿನ ಬ್ಯುರೆಟ್ ಸ್ಟ್ಯಾಂಡಿಗೆ ಕಟ್ಟಿಕೊಂಡಿದ್ದೇನೆ.

ಸುತ್ತಲಿನ ಎಲ್ಇಡಿ ಬೆಳಕೂ ಜಾಸ್ತಿಯೇ. ಹಲ್ಲಿನ ಹೊಳಪಿಗೆ ಕಣ್ಣು ಕುಕ್ಕಿ ಸವೆದ ಗುರುತುಗಳೇ ಮುಚ್ಚಿಹೋಗುತ್ತವೆ. ಒಂದು ಪದರ ಟಿಶ್ಯೂ ಕಾಗದ ಸುತ್ತಿ, ಪಕ್ಕದಿಂದ ಟಾರ್ಚ್ ಹಿಡಿಯಿರಿ.

ಐದಕ್ಕೆ ಮೂರು ಸ್ಟಾರ್. ಸುಮ್ನೆ ಎಲೆ, ಇರುವೆ ನೋಡುವವರಿಗೆ ಹತ್ತು ಪಟ್ಟಿನ ಕೈ ಲೆನ್ಸ್ ಸಾಕು, ಇದಕ್ಕೆ ದುಡ್ಡು ಹಾಕಬೇಡಿ.